ವಾಲ್ವ್ ಹಾಕಿಸಿಕೊಂಡು ಸೇಡಂಗೆ ವಾಪಸ್ ಬಂದ ಮೇಲೆ...

ಎಳ್ಳ ಅಮಾಸಿ ದಿನ ಹೊಲದಲ್ಲಿ ಎಲ್ಲರೂ ಸಾಲಾಗಿ ಕೂತು ಉಣ್ಣುವಾಗ ನಮ್ಮ ಸೋದರತ್ತೆ ಒಬ್ಬಳೇ ಭಜ್ಜಿ ಮುಟ್ಟಲಿಲ್ಲ. (ಬೆಂಗಳೂರಿನ ಗೆಳೆಯರು ಮೆಣಸಿನಕಾಯಿ ಭಜ್ಜಿ ಅಂದ್ಕೋಬೇಡಿ :) ನಮ್ಮ ಕಲಬುರಗಿ ಕಡೆ ಎಳ್ಳ ಅಮಾಸಿ ಭಜ್ಜಿ ಅಂದ್ರೆ ಮೆಂತ್ಯ, ಪಾಲಕ, ಹಸಿ ಕಡಲೆ, ತೊಗರಿ ಕಾಳು, ಅವರೆ... ಹೊಲದಲ್ಲಿ, ಸಂತೆಯಲ್ಲಿ ಸಿಕ್ಕಿದ್ದೆಲ್ಲ ಹಾಕಿ ಕುದಿಸಿದ್ದು. ಸಜ್ಜಿ ರೊಟ್ಟಿ ಜೊತೆ ತಿನ್ನಬೇಕು.)

"ಯಾಕತ್ತಿ, ಭಜ್ಜಿ ಬ್ಯಾಡೇನು?" ಅಂದೆ.

"ಬ್ಯಾಡಪಾ ತಮ್ಮಾ. ತಪ್ಪಲ ಪಲ್ಯ ತಿಂದ್ರ ಎದ್ಯಾಗಿನ ಗಡಿಯಾರ ನಿಂತು ಹೋಗ್ತದಂತ."

ಅತ್ತೆಯ ಎದೆಯಲ್ಲಿರೋದು ಲೋಹದ ಮೈಟ್ರಲ್ ವಾಲ್ವ್. ರಾತ್ರಿ ಎಲ್ಲ ಗಪ್ಪಾದಾಗ ಪಕ್ಕದಲ್ಲಿ ಮಲಗಿದವರಿಗೂ ಟಿಕ್ ಟಿಕ್ ಕೇಳುತ್ತೆ. ಅದಕ್ಕೇ ಗಡಿಯಾರ ಅನ್ನೋ ಹೆಸರು. ಆಪರೇಶನ್ ಚೆನ್ನಾಗಿಯೇ ಆಗಿದೆ, ಅದರ ಬಗ್ಗೆ ನನ್ನ ತಕರಾರಿಲ್ಲ. ನನ್ನ ತಕರಾರು ಏನಿದ್ದರೂ ಡಿಸ್ಚಾರ್ಜ್ ದಿನ ಕೈಗೆ ಚೀಟಿ ಕೊಟ್ಟು ಎರಡು ನಿಮಿಷದಲ್ಲಿ ಹೇಳಿ ಕಳಿಸಿದ ಮಾತುಗಳ ಬಗ್ಗೆ. ಆ ಎರಡು ನಿಮಿಷದಲ್ಲಿ ಅತ್ತೆಗೆ ನೆನಪಲ್ಲಿ ಉಳಿದಿದ್ದು "ತಪ್ಪಲ ಪಲ್ಯ ಬ್ಯಾಡ" ಅನ್ನೋದೊಂದೇ. ಅದೂ ಅರ್ಧ ಸತ್ಯ!

ಲೋಹದ ವಾಲ್ವ್ ಮೇಲೆ ರಕ್ತ ಹೆಪ್ಪುಗಟ್ಟಬಾರದು ಅಂತ ಜೀವನ ಪೂರ್ತಿ ರಕ್ತ ತೆಳುವಾಗಿಸುವ ಗುಳಿಗೆ ನುಂಗಬೇಕು. ವಾರ್ಫರಿನ್, ಇಲ್ಲವೇ ಅಸಿಟ್ರೋಮ್. ಈ ಗುಳಿಗೆ ಕೆಲಸ ಮಾಡೋದು ವಿಟಮಿನ್ ಕೆ ಗೆ ಅಡ್ಡಗಾಲು ಹಾಕಿ. ಹಸಿರು ಸೊಪ್ಪಿನಲ್ಲಿ ಅದೇ ವಿಟಮಿನ್ ಜಾಸ್ತಿ. ಹಾಗಂತ ಸೊಪ್ಪು ಬಿಡಬೇಕು ಅಂತಲ್ಲ, ದಿನಾ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ತಿನ್ನಬೇಕು. ಗುಳಿಗೆಯ ಡೋಸನ್ನು ಆ ಊಟಕ್ಕೇ ಹೊಂದಿಸ್ತಾರೆ. ತಿಂಗಳುಗಟ್ಟಲೆ ಸೊಪ್ಪು ಮುಟ್ಟದೆ ಇದ್ದು ಅಮಾಸಿ ದಿನ ಎರಡು ಗಂಗಾಳ ಭಜ್ಜಿ ಹೊಡೆದರೆ ತೊಂದರೆ. ಜ್ವರ ಬಂದು ನಾಲ್ಕು ದಿನ ಊಟ ಬಿಟ್ಟರೂ ತೊಂದರೆ, ಆದರೆ ಉಲ್ಟಾ ದಿಕ್ಕಿನಲ್ಲಿ. ಆಗ ರಕ್ತ ಬೇಕಾದ್ದಕ್ಕಿಂತ ಹೆಚ್ಚು ತೆಳುವಾಗುತ್ತೆ. ಇದನ್ನು ಹೇಳೋಕೆ ಎಷ್ಟು ಹೊತ್ತು ಬೇಕು ಹೇಳಿ? ಜೋಳದ ರೊಟ್ಟಿ, ಮೆಂತ್ಯದ ತಪ್ಪಲ, ಪುಂಡಿಪಲ್ಯದ ಮೇಲೇ ಬದುಕುವ ಊರಿನವರಿಗೆ "ಸೊಪ್ಪು ಬೇಡ" ಅಂದುಬಿಟ್ಟರೆ ಅವರು ಇನ್ನೇನು ತಿನ್ನಬೇಕು?

ಹೆಚ್ಚುಕಡಿಮೆ ಆಗಿದ್ದನ್ನು ಹಿಡಿಯೋಕೆ ಇರುವ ತಪಾಸಣೆ ಐಎನ್ಆರ್. ಗುಳಿಗೆ ತಗೊಳ್ಳದ ಆರೋಗ್ಯವಂತರಲ್ಲಿ ಅದು 1ರ ಆಸುಪಾಸು. ಅಯೋರ್ಟಿಕ್ ಜಾಗದಲ್ಲಿ ಲೋಹದ ವಾಲ್ವ್ ಇದ್ದರೆ ಸಾಮಾನ್ಯವಾಗಿ 2.5ರ ಹತ್ತಿರ, ಮೈಟ್ರಲ್ ಜಾಗದಲ್ಲಿದ್ದರೆ 3ರ ಹತ್ತಿರ ಇಡ್ತಾರೆ. ತುಂಬ ಇಳಿದರೆ ಹೆಪ್ಪುಗಟ್ಟಿ ವಾಲ್ವ್ ಸಿಕ್ಕಿಹಾಕಿಕೊಳ್ಳಬಹುದು, ಲಕ್ವ ಹೊಡೆಯಬಹುದು. ತುಂಬ ಏರಿದರೆ ಮಿದುಳಲ್ಲೋ ಹೊಟ್ಟೆಯಲ್ಲೋ ರಕ್ತಸ್ರಾವ. ನಿಮ್ಮ ವಾಲ್ವ್ ಯಾವ ಜಾಗದ್ದು, ನಿಮ್ಮ ಗುರಿ ಎಷ್ಟು, ಇವೆರಡು ಬಾಯಿಪಾಠ ಆಗಿರಬೇಕು.

ನಮಗಾದ ಫಜೀತಿ ಕೇಳಿ. ಮೊದಲ ತಿಂಗಳು ಹತ್ತಿರದ ಒಂದು ಲ್ಯಾಬಿನಲ್ಲಿ ರಕ್ತ ಕೊಟ್ಟೆವು. ರಿಪೋರ್ಟಿನಲ್ಲಿ ಪಿಟಿ ಇಷ್ಟು ಸೆಕೆಂಡು ಅಂತಷ್ಟೇ ಇತ್ತು, ಐಎನ್ಆರ್ ಇರಲೇ ಇಲ್ಲ. ಕೇಳಿದ್ದಕ್ಕೆ "ಎರಡೂ ಒಂದೇರಿ" ಅಂದ್ರು. ಒಂದೇ ಅಲ್ಲ! ಸೆಕೆಂಡಿನ ಲೆಕ್ಕ ಲ್ಯಾಬ್ ಬಳಸುವ ರಾಸಾಯನಿಕದ ಮೇಲೆ ಬದಲಾಗುತ್ತೆ. ಆ ವ್ಯತ್ಯಾಸ ತೆಗೆದುಹಾಕೋಕೆಂದೇ ಐಎನ್ಆರ್ ಹುಟ್ಟಿದ್ದು. ಸೆಕೆಂಡು ನೋಡಿ ಗುಳಿಗೆ ಹೆಚ್ಚುಕಡಿಮೆ ಮಾಡೋದು ಕಣ್ಣುಕಟ್ಟಿಕೊಂಡು ಸೈಕಲ್ ಹೊಡೆದಂತೆ.

ಇನ್ನೊಂದು ಸೂಜಿ ಪುರಾಣ. ನಮ್ಮ ಸೇಡಂ, ಚಿತ್ತಾಪುರ, ಚಿಂಚೋಳಿ ಹಳ್ಳಿಗಳಲ್ಲಿ ಡಾಕ್ಟರು ಸೂಜಿ ಮಾಡಲಿಲ್ಲ ಅಂದ್ರೆ ಅವರು ಡಾಕ್ಟರೇ ಅಲ್ಲ :) ಅತ್ತೆಗೆ ಮೊಣಕಾಲು ನೋವು. ಹಳ್ಳಿಯ ಡಾಕ್ಟರೊಬ್ಬರು ಸೊಂಟಕ್ಕೆ ನೋವಿನ ಸೂಜಿ ಚುಚ್ಚಿದರು. ಮರುದಿನ ಆ ಜಾಗ ಬದನೆಕಾಯಿ ಬಣ್ಣಕ್ಕೆ ತಿರುಗಿ ಊದಿಕೊಂಡಿತು. ಒಳಗೆ ರಕ್ತ ಇಳಿದಿತ್ತು. ತಪ್ಪು ಅವರೊಬ್ಬರದೇ ಅನ್ನಲಾರೆ. ಅತ್ತೆ ತನಗೆ ವಾಲ್ವ್ ಹಾಕಿದ್ದಾರೆ ಅಂತ ಹೇಳಲೇ ಇಲ್ಲ, ಅವರು ಕೇಳಲೂ ಇಲ್ಲ. ಡೈಕ್ಲೋಫೆನಾಕ್ ತರಹದ ನೋವಿನ ಗುಳಿಗೆಗಳೂ ಈ ರೋಗಿಗಳಿಗೆ ಅಪಾಯ. ಭೇದಿಗೆ ಕೊಡುವ ಮೆಟ್ರೋನಿಡಜೋಲ್ ಐಎನ್ಆರ್ ಏರಿಸುತ್ತೆ, ಟಿಬಿಗೆ ಕೊಡುವ ರಿಫಾಂಪಿಸಿನ್ ಇಳಿಸುತ್ತೆ. ಮೆಡಿಕಲ್ ಶಾಪಿನವರು "ಅದಿಲ್ಲ, ಇದು ತಗೋರಿ, ಎರಡೂ ರಕ್ತ ತೆಳು ಮಾಡೋದೇ" ಅಂದರೆ ದಯವಿಟ್ಟು ಒಪ್ಪಬೇಡಿ. ವಾರ್ಫರಿನ್ ಮತ್ತು ಅಸಿಟ್ರೋಮ್ ಮಿಲಿಗ್ರಾಂಗೆ ಮಿಲಿಗ್ರಾಂ ಸಮ ಅಲ್ಲ. "ತಪಾಸಣೆ ಬೇಡದ ಹೊಸ ಗುಳಿಗೆ ಬಂದಿದೆ" ಅಂತಲೂ ಹೇಳ್ತಾರೆ. ಡಾಬಿಗಟ್ರಾನ್ ಅನ್ನೋ ಅಂಥ ಗುಳಿಗೆಯನ್ನು ಲೋಹದ ವಾಲ್ವ್ ಇದ್ದವರ ಮೇಲೆ ಪರೀಕ್ಷೆ ಮಾಡಿ ನೋಡಿದರು. ಹೆಪ್ಪುಗಟ್ಟುವುದೂ ರಕ್ತಸ್ರಾವವೂ ಎರಡೂ ಹೆಚ್ಚಾಗಿ ಅಧ್ಯಯನವನ್ನೇ ಅರ್ಧಕ್ಕೆ ನಿಲ್ಲಿಸಿದರು. 2013ರಲ್ಲಿ ಅದರ ವರದಿ ಬಂತು.

ಈಗ ಆಪರೇಶನ್‌ಗೆ ಮುಂಚಿನ ಮಾತು. ಮೊದಲೆಲ್ಲ ನಮ್ಮ ಕಡೆಯವರು ಹೃದಯ ಅಂದ್ರೆ ಸೊಲ್ಲಾಪುರಕ್ಕೋ ಹೈದರಾಬಾದಿಗೋ ಓಡ್ತಿದ್ದರು. ಇಲ್ಲಾ ವಾಡಿ ಜಂಕ್ಷನ್‌ನಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿನ ಜಯದೇವಕ್ಕೆ. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಶುರುವಾಗಿದ್ದೇ ಗುಲ್ಬರ್ಗಾ ವಿಭಾಗದಿಂದ. ಈಗ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಇದೆ. 2016ರಿಂದ ಕಲಬುರಗಿಯಲ್ಲೇ ಜಯದೇವದ ಶಾಖೆ ಇದೆ, 2024ರ ಡಿಸೆಂಬರಿನಲ್ಲಿ ಅದರ 371 ಹಾಸಿಗೆಗಳ ಹೊಸ ಕಟ್ಟಡವೂ ಉದ್ಘಾಟನೆ ಆಯ್ತು. (ಸಂವಿಧಾನದ 371ಜೆ ಕಲಂ ನೆನಪಿಗೆ ಆ ಸಂಖ್ಯೆ. ನಮ್ಮವರು ಹಾಸಿಗೆ ಎಣಿಸೋದರಲ್ಲೂ ರಾಜಕೀಯ ಬಿಡೋದಿಲ್ಲ, ಇರಲಿ, ಒಳ್ಳೆಯದೇ ಆಯ್ತು.) ಅಂದರೆ ಆಪರೇಶನ್ ನಮ್ಮ ಹತ್ತಿರಕ್ಕೆ ಬಂದಿದೆ. ತಿಂಗಳು ತಿಂಗಳು ಮಾಡಿಸುವ ಆ ಚಿಕ್ಕ ರಕ್ತ ತಪಾಸಣೆ, ಅದನ್ನು ನೋಡಿ ಡೋಸ್ ಹೇಳುವವರು, ಇವು ಇನ್ನೂ ನಮ್ಮ ತಾಲೂಕಿನ ಬಾಗಿಲಿಗೆ ಸಲೀಸಾಗಿ ಬಂದಿಲ್ಲ ಅನ್ನೋದು ನನ್ನ ಅನುಭವ. ಶಹಾಬಾದಿನ ಕಲ್ಲಿನ ಗಣಿಯಲ್ಲಿ ದಿನಗೂಲಿ ಮಾಡುವವನು ಒಂದು ತಪಾಸಣೆಗೆ ಒಂದು ದಿನದ ಕೂಲಿ ಕಳಕೊಂಡು ಕಲಬುರಗಿಗೆ ಹೋಗಬೇಕು ಅಂದರೆ ಎಷ್ಟು ತಿಂಗಳು ಹೋದಾನು? ಕಟ್ಟಡಕ್ಕೆ ಕೋಟಿಗಟ್ಟಲೆ ಖರ್ಚು ಮಾಡುವವರು ಪ್ರತಿ ತಾಲೂಕು ಆಸ್ಪತ್ರೆಯಲ್ಲಿ ವಾರಕ್ಕೊಂದು ದಿನ ಐಎನ್ಆರ್ ದಿನ ಅಂತ ಯಾಕೆ ಮಾಡಬಾರದು? ಬೆರಳಿಗೆ ಚುಚ್ಚಿ ನೋಡುವ ಸಣ್ಣ ಮಶೀನುಗಳೂ ಇವೆ.

ಡಾಕ್ಟರನ್ನು ಕೇಳೋಕೆ ನಾಚಿಕೆ ಬೇಡ. ಮೊದಲು ಕೇಳಬೇಕಾದ್ದು, ವಾಲ್ವ್ ಬದಲಿಸಲೇಬೇಕೋ, ರಿಪೇರಿ ಆಗುತ್ತೋ, ಇಲ್ಲಾ ಬಲೂನಿನಲ್ಲಿ ಹಿಗ್ಗಿಸಬಹುದೋ? ಕಿರಿದಾದ ಮೈಟ್ರಲ್ ವಾಲ್ವ್ ಎಷ್ಟೋ ಜನರಿಗೆ ಬಲೂನಿನಲ್ಲೇ ತೆರೆಯುತ್ತೆ, ಎದೆ ಕೊಯ್ಯಬೇಕಿಲ್ಲ. ಬದಲಿಸಲೇಬೇಕಾದರೆ ಲೋಹದ್ದೋ, ಪ್ರಾಣಿಯ ಅಂಗಾಂಶದ್ದೋ? ಅಂಗಾಂಶದ್ದಕ್ಕೆ ಬಹಳಷ್ಟು ಜನರಿಗೆ ಜೀವನಪೂರ್ತಿ ಗುಳಿಗೆ ಬೇಕಿಲ್ಲ. ಆದರೆ 10-15 ವರ್ಷಕ್ಕೆ ಸವೆಯುತ್ತೆ, ಚಿಕ್ಕ ವಯಸ್ಸಿನವರಲ್ಲಿ ಇನ್ನೂ ಬೇಗ, ಮತ್ತೆ ಆಪರೇಶನ್. ಅದು ದನದ್ದೋ ಹಂದಿಯದೋ ಅನ್ನೋದು ನಮ್ಮ ಮನೆಗಳಲ್ಲಿ ದೊಡ್ಡ ಪ್ರಶ್ನೆ. ಲಿಂಗಾಯತರಿರಲಿ, ಮುಸಲ್ಮಾನರಿರಲಿ, ಮುಂಚೆಯೇ ಕೇಳಿ ಮನಸ್ಸು ಗಟ್ಟಿ ಮಾಡಿಕೊಳ್ಳೋದು ಒಳ್ಳೆಯದು. ಲೋಹದ್ದರಲ್ಲಿ ನಮ್ಮ ದೇಶದ್ದೇ ಇದೆ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಡಾ. ವಲಿಯತ್ತಾನ್ ತಂಡ ಹಲವು ಸಲ ಸೋತು ಕೊನೆಗೆ ಮಾಡಿದ ಚಿತ್ರಾ ವಾಲ್ವ್. ಮೊದಲ ರೋಗಿಗೆ ಅದನ್ನು ಹಾಕಿದ್ದು 1990ರ ಡಿಸೆಂಬರಿನಲ್ಲಿ. ವಿದೇಶದ್ದಕ್ಕಿಂತ ಅಗ್ಗ ಅಂದ ಮಾತ್ರಕ್ಕೆ ಕಳಪೆ ಅಂದುಕೊಳ್ಳಬೇಡಿ.

ಹೆಣ್ಣುಮಕ್ಕಳ ವಿಷಯ ಮಾತ್ರ ಯಾರೂ ಬಾಯಿಬಿಟ್ಟು ಹೇಳೋದಿಲ್ಲ. ಗಂಟಲು ಸೋಂಕಿನಿಂದ ಶುರುವಾಗುವ ರುಮ್ಯಾಟಿಕ್ ಜ್ವರ ಹೆಚ್ಚಾಗಿ 5ರಿಂದ 15ರ ವಯಸ್ಸಿನಲ್ಲಿ ಹಿಡಿಯುತ್ತೆ. ವಾಲ್ವ್ ಕೆಡುವ ಹೊತ್ತಿಗೆ ಮದುವೆಯ ವಯಸ್ಸು. ವಾರ್ಫರಿನ್ ನುಂಗುತ್ತಲೇ ಬಸುರಾದರೆ, ಅದರಲ್ಲೂ ಮೊದಲ ಮೂರು ತಿಂಗಳಲ್ಲಿ, ಕೂಸಿನ ಮೂಗು, ಎಲುಬಿಗೆ ತೊಂದರೆ ಆಗಬಹುದು. ಹೆದರಿ ಗುಳಿಗೆ ಬಿಟ್ಟರೆ ತಾಯಿಯ ಜೀವಕ್ಕೇ ಕುತ್ತು. ಹಾಗಾಗಿ ಬಸುರಿಗೆ ಮುಂಚೆಯೇ ಡಾಕ್ಟರ ಹತ್ತಿರ ಹೋಗಬೇಕು. ಮಾತಾಡೋದು ಗಂಡ, ಅತ್ತೆ ಎದುರಿಗೇ ಆಗಲಿ. ಮದುವೆಗೆ ಮುಂಚೆ ಆಪರೇಶನ್ ಮುಚ್ಚಿಟ್ಟ ಮನೆಗಳನ್ನು ನಾನೇ ನೋಡಿದ್ದೇನೆ. ಆ ಹುಡುಗಿ ಕದ್ದು ಗುಳಿಗೆ ನುಂಗುವ ಪರಿಸ್ಥಿತಿ ಬರುತ್ತೆ.

ರುಮ್ಯಾಟಿಕ್ ಇದ್ದವರಿಗೆ ಮೂರು ನಾಲ್ಕು ವಾರಕ್ಕೊಮ್ಮೆ ಕೊಡುವ ಪೆನಿಸಿಲಿನ್ ಸೂಜಿ ವಾಲ್ವ್ ಬದಲಿಸಿದ ತಕ್ಷಣ ಮುಗಿಯೋದಿಲ್ಲ. ಮುಂದುವರಿಸೋದು ಸೂಜಿಯಲ್ಲೋ ಗುಳಿಗೆಯಲ್ಲೋ, ಎಷ್ಟು ವರ್ಷ ಅಂತ ಡಾಕ್ಟರೇ ಹೇಳಬೇಕು. ಹಲ್ಲು ಕೀಳಿಸುವ ಮುಂಚೆ ಆಂಟಿಬಯೋಟಿಕ್ ಬೇಕು, ಬಾಯಿಯ ಕೀಟಾಣು ರಕ್ತದಲ್ಲಿ ಹೋಗಿ ವಾಲ್ವಿನ ಮೇಲೇ ಗೂಡು ಕಟ್ಟುತ್ತೆ. (ಗುಟ್ಕಾದ ಬಗ್ಗೆ ಬೇರೆ ಹೇಳಬೇಕಾ?) ಕೊಯ್ದ ಎದೆಗೂಡು ಕೂಡೋಕೆ ಎರಡು ಮೂರು ತಿಂಗಳು, ಅಲ್ಲಿತನಕ ನೀರಿನ ಕೊಡ ಎತ್ತೋದು, ಗಾಡಿ ಓಡಿಸೋದು ಬೇಡ. ಮತ್ತೆ, ಟಿಕ್ ಟಿಕ್ ಸದ್ದು ಮಂದವಾದರೆ, ಒಮ್ಮೆಲೇ ದಮ್ಮು ಹತ್ತಿದರೆ, ಬಾಯಿ ಸೊಟ್ಟಗಾದರೆ, ಸಂಡಾಸು ಡಾಂಬರಿನಂತೆ ಕಪ್ಪಾದರೆ ಬೆಳಗಾಗಲಿ ಅಂತ ಕಾಯದೆ ದವಾಖಾನೆಗೆ ಓಡಬೇಕು.

ನಾನು ಅತ್ತೆಗೆ ನೂರು ಪುಟದ ಒಂದು ನೋಟ್‌ಬುಕ್ ತಂದುಕೊಟ್ಟಿದ್ದೇನೆ. ತಾರೀಖು, ಐಎನ್ಆರ್, ಡೋಸ್, ಮೂರೇ ಕಾಲಂ. ಮೊದಲ ಪುಟದಲ್ಲಿ ದೊಡ್ಡಕ್ಷರದಲ್ಲಿ "ನನಗೆ ಲೋಹದ ವಾಲ್ವ್ ಇದೆ, ಸೊಂಟಕ್ಕೆ ಸೂಜಿ ಮಾಡಬೇಡಿ" ಅಂತ ಬರೆದಿದ್ದೇನೆ. ಓದಲು ಬಾರದ ಅತ್ತೆ ಈಗ ಎಲ್ಲಿಗೆ ಹೋದರೂ ಅದನ್ನು ಎಲಿ ಅಡಿಕಿ ಚೀಲದಲ್ಲಿ ಇಟ್ಟುಕೊಂಡು ಹೋಗ್ತಾಳೆ. ಮೊನ್ನೆ ಫೋನ್ ಮಾಡಿದ್ದಳು, "ಈ ಸಲ ಎರಡು ಪಾಯಿಂಟ್ ಎಂಟು ಬಂದದ. ದಿನಾ ಒಂದು ಚಮಚ ಮೆಂತ್ಯದ ಪಲ್ಯ ತಿನ್ನಾಕತ್ತೀನಿ."