ಅರಬ್ ಚರಿತ್ರೆಯ ಪಾಠಾಂತರ

ಅರಬ್ ನಾಡುಗಳ ಆಧುನಿಕ ಚರಿತ್ರೆಯನ್ನು ಅಭ್ಯಸಿಸಬಯಸುವ ವಿದ್ಯಾರ್ಥಿಯು ಇಂದು ಪ್ರತಿಯೊಂದು ಕಡತಕ್ಕೂ ಲಂಡನ್ನಿಗೆ ತೆರಳಬೇಕಾಗಿಲ್ಲ. 2014ರಲ್ಲಿ ಆರಂಭವಾದ ಕತಾರ್ ಡಿಜಿಟಲ್ ಗ್ರಂಥಾಲಯವು ಕೊಲ್ಲಿಪ್ರದೇಶಕ್ಕೆ ಸಂಬಂಧಿಸಿದ ಇಂಡಿಯಾ ಆಫೀಸಿನ ದಾಖಲೆಗಳನ್ನು ಅಂತರಜಾಲದಲ್ಲಿ ಉಚಿತವಾಗಿ ಒದಗಿಸಿದೆ. ಈ ಸೌಲಭ್ಯವು ಶ್ಲಾಘನೀಯವೇ ಸರಿ. ಆದರೆ ಓದುವ ಕ್ರಮವನ್ನರಿಯದವನಿಗೆ ದಾಖಲೆಗಳ ರಾಶಿಯು ಜ್ಞಾನವೆನಿಸದು.

ಒಂದು ನಿದರ್ಶನ ಸಾಕು. 1915ರ ಅಕ್ಟೋಬರ್ 24ರಂದು ಈಜಿಪ್ಟಿನ ಬ್ರಿಟಿಷ್ ಹೈಕಮಿಷನರ್ ಮ್ಯಾಕ್‌ಮಹೋನನು ಮೆಕ್ಕಾದ ಷರೀಫ್ ಹುಸೇನನಿಗೆ ಪತ್ರ ಬರೆದು, ಅರಬರ ಸ್ವಾತಂತ್ರ್ಯಕ್ಕೆ ಬೆಂಬಲದ ವಚನವಿತ್ತನು. ದಮಾಸ್ಕಸ್, ಹೋಮ್ಸ್, ಹಮಾ, ಅಲೆಪ್ಪೊ ‘ಡಿಸ್ಟ್ರಿಕ್ಟು’ಗಳ ಪಶ್ಚಿಮಕ್ಕಿರುವ ಸಿರಿಯಾದ ಭಾಗಗಳನ್ನು ಅದರಿಂದ ಹೊರಗಿಟ್ಟನು. ಅರಬ್ಬಿ ಪ್ರತಿಯಲ್ಲಿ ಆ ಪದವು ‘ವಿಲಾಯತ್’ ಆಯಿತು. ಅದಕ್ಕೆ ಪಟ್ಟಣದ ಸುತ್ತಣ ನೆಲವೆಂದು ಅರ್ಥಮಾಡಿದರೆ ಪ್ಯಾಲೆಸ್ಟೈನ್ ವಚನದೊಳಗೆ. ವಿಶಾಲ ಪ್ರಾಂತವೆಂದರೆ ಹೊರಗೆ! 1922ರಲ್ಲಿ ಬ್ರಿಟಿಷ್ ಸರ್ಕಾರವು ಎರಡನೆಯ ಅರ್ಥವನ್ನೇ ಹಿಡಿಯಿತು. ಪತ್ರಗಳನ್ನು ಅದು ಅಧಿಕೃತವಾಗಿ ಪ್ರಕಟಿಸಿದ್ದು 1939ರಲ್ಲಿ. ಜಾರ್ಜ್ ಆಂಟೋನಿಯಸ್ ಅವುಗಳನ್ನು ಅರಬ್ಬಿಯಿಂದ ಅನುವಾದಿಸಿ 1938ರಲ್ಲಿಯೇ ಲೋಕದ ಮುಂದಿಟ್ಟಿದ್ದನು.

ಓಲೆಗರಿಯ ಪಾಠಾಂತರಗಳನ್ನು ಹೋಲಿಸದೆ ಸಂಪಾದಕನು ಶುದ್ಧಪಾಠವನ್ನು ನಿರ್ಣಯಿಸನು. ಆಳಿದವರ ಕಡತವನ್ನು ಆಳಿಸಿಕೊಂಡವರ ಮಾತಿನೊಡನೆ ಹೋಲಿಸದ ಚರಿತ್ರೆಯೂ ಅಪೂರ್ಣವೇ. ಶಾಲೆಗೆ ಗಣಕಯಂತ್ರಗಳನ್ನು ದಾನಿಗಳು ಕೊಡಬಲ್ಲರು. ಈ ವಿವೇಕವನ್ನು ಅಧ್ಯಾಪಕರೇ ಕೊಡಬೇಕು.