ಚೆಕ್ಕು ಪುಸ್ತಕಕ್ಕಿಂತ ಮೊದಲು ಟೇಪು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಮುಂಬಯಿಯಲ್ಲಿ ನಮ್ಮಂಥ ಗುಮಾಸ್ತರಿಗೆ ಮನೆ ಕಟ್ಟುವ ಮಾತೇ ಇಲ್ಲ. ಯಾರೋ ಕಟ್ಟುತ್ತಾರೆ, ನಾವು ಕಂತು ಕಟ್ಟುತ್ತೇವೆ, ಅಷ್ಟೆ.

ಹನ್ನೊಂದು ತಿಂಗಳ ಕರಾರಿನ ಬಾಡಿಗೆ ಮನೆಗಳಲ್ಲಿ ಏಳು ವರ್ಷ ಕಳೆದೆವು. ಕಳೆದ ದೀಪಾವಳಿಯಂದು ನನ್ನಾಕೆ, "ರೀ, ಇನ್ನೊಮ್ಮೆ ಗಂಟುಮೂಟೆ ಕಟ್ಟುವುದು ನನ್ನಿಂದಾಗದು. ಬಳೆ ಮಾರಿಯಾದರೂ ಸರಿ, ನಮ್ಮದೆಂಬ ಸೂರು ಬೇಕು" ಎಂದಳು. ಅಂದಿನಿಂದ ರವಿವಾರಗಳೆಲ್ಲ ಮನೆ ನೋಡುವುದಕ್ಕೇ ಮೀಸಲಾದವು.

ದಾದರ, ಮಾಟುಂಗಗಳಲ್ಲಿ ಹಳೆಯ ಕಟ್ಟಡಗಳನ್ನು ಕೆಡವಿ ಗೋಪುರಗಳನ್ನೆಬ್ಬಿಸುತ್ತಿದ್ದಾರೆ. ಅವನ್ನು ಕತ್ತೆತ್ತಿ ನೋಡುವುದಕ್ಕೆ ಮಾತ್ರ ದುಡ್ಡು ಬೇಕಿಲ್ಲ. ನಮ್ಮ ಅಳವಿಗೆ ಬರುವುದು ಅತ್ತ ಡೊಂಬಿವಲಿ, ಕಲ್ಯಾಣ, ಬದಲಾಪುರ. ಇತ್ತ ವಸಯಿ, ವಿರಾರ. ಲೋಕಲ್ ಗಾಡಿ ದೂರ ಹೋದಂತೆಲ್ಲ ದರ ಇಳಿಯುತ್ತದೆ. ಉಳಿಸಿದ್ದನ್ನು ದಿನವೂ ಗಾಡಿಯಲ್ಲಿ ನಿಂತು ತೀರಿಸಬೇಕು.

ಹೀಗೆ ಒಂದೆಡೆ ಮಾದರಿ ಮನೆ ನೋಡಿದೆವು. ತೋರಿಸಿದ ತರುಣ ಬಲು ವಿನಯವಂತ. "ಆರುನೂರೈವತ್ತು ಚದರಡಿ, ಸಾಹೇಬರೇ" ಎಂದ. ನನ್ನಾಕೆ ಚೀಲದಿಂದ ಹೊಲಿಗೆಯ ಟೇಪು ತೆಗೆದು ಕೋಣೆ ಕೋಣೆ ಅಳೆದಳು. ಒಟ್ಟು ನಾನೂರು ದಾಟಲಿಲ್ಲ.

"ಉಳಿದದ್ದೆಲ್ಲಿ?" ಎಂದು ಕೇಳಿದಳು.

"ಮೆಟ್ಟಿಲು, ಲಿಫ್ಟು, ಓಣಿ ಎಲ್ಲ ಸೇರಿದೆ, ತಾಯಿ."

"ಮೆಟ್ಟಿಲಲ್ಲಿ ಹಾಸಿಗೆ ಹಾಸಲಾದೀತೇ?"

ತರುಣ ನಕ್ಕು, ಈ ದಿನವೇ ನೂರಕ್ಕೆ ಇಪ್ಪತ್ತರಂತೆ ಕೊಟ್ಟರೆ ಹಳೆಯ ದರ, ಕರಾರುಪತ್ರ ಆಮೇಲೆ ಮಾಡೋಣ ಎಂದ. ನನ್ನ ಕೈ ಚೆಕ್ಕು ಪುಸ್ತಕದತ್ತ ಹೋಗಿತ್ತು. ಆಕೆಯ ಕಣ್ಣು ನೋಡಿ ಹಿಂದಕ್ಕೆ ಬಂತು.

ಮರುದಿನ ಕಚೇರಿಯಲ್ಲಿ ಹಿರಿಯರೊಬ್ಬರು ಕಾಯಿದೆ ಬಿಡಿಸಿ ಹೇಳಿದರು. 2016ರ ರೇರಾ ಕಾಯಿದೆ 2017ರ ಮೇ 1ರಿಂದ ಪೂರ್ತಿ ಜಾರಿಯಲ್ಲಿದೆ. ಅದರಂತೆ ಮನೆಯ ವಿಸ್ತೀರ್ಣವನ್ನು ಕಾರ್ಪೆಟ್ ಲೆಕ್ಕದಲ್ಲೇ ತಿಳಿಸಬೇಕು. ಒಳಗಿನ ಅಡ್ಡಗೋಡೆಗಳು ಅದರಲ್ಲಿ ಸೇರುತ್ತವೆ, ಹೊರಗೋಡೆ, ಬಾಲ್ಕನಿ ಸೇರುವುದಿಲ್ಲ. ಕರಾರುಪತ್ರ ನೋಂದಣಿಯಾಗುವ ಮೊದಲು ಬೆಲೆಯ ಹತ್ತನೆಯ ಒಂದು ಪಾಲಿಗಿಂತ ಹೆಚ್ಚು ಪಡೆಯುವಂತಿಲ್ಲ. ಕೊಳ್ಳುವವರ ಹಣದಲ್ಲಿ ನೂರಕ್ಕೆ 70ನ್ನು ಪ್ರತ್ಯೇಕ ಬ್ಯಾಂಕು ಖಾತೆಯಲ್ಲಿಟ್ಟು, ಅದೇ ಯೋಜನೆಯ ನೆಲಕ್ಕೂ ಕಟ್ಟಡಕ್ಕೂ ಬಳಸಬೇಕು. ಸ್ವಾಧೀನ ಕೊಟ್ಟ ಮೇಲೆ 5 ವರ್ಷದೊಳಗೆ ಕಟ್ಟಡದ ರಚನೆಯಲ್ಲಿ ದೋಷ ಕಂಡರೆ ಕಟ್ಟಿದವರೇ ಬಿಟ್ಟಿ ಸರಿಪಡಿಸಬೇಕು. ಯೋಜನೆಯ ನೋಂದಣಿ ಸಂಖ್ಯೆಯನ್ನು ಮಹಾರೇರಾ ಜಾಲತಾಣದಲ್ಲಿ ಹಾಕಿದರೆ, ಮನೆ ಯಾವಾಗ ಮುಗಿಸಿಕೊಡುತ್ತೇವೆಂದು ಬರೆದುಕೊಟ್ಟಿದ್ದಾರೆಂಬುದು ಕಾಣುತ್ತದೆ. ಇನ್ನೊಂದು ಮಾತು: ಕಟ್ಟುತ್ತಿರುವ ಮನೆಗೆ ಜಿ.ಎಸ್.ಟಿ. ಉಂಟು, ಮುಗಿದು ಪೂರ್ಣತಾಪತ್ರ ಸಿಕ್ಕ ಮನೆಗೆ ಇಲ್ಲ. ಸ್ಟಾಂಪು ಶುಲ್ಕ ಮಾತ್ರ ಎರಡಕ್ಕೂ ತಪ್ಪದು.

ಮುಂದಿನ ರವಿವಾರ ಹೋಗಿ ನೋಂದಣಿ ಸಂಖ್ಯೆ ಕೇಳಿದೆವು. ವಿನಯವಂತ ತರುಣನಿಗೆ ಅಂದು ಬಿಡುವಿರಲಿಲ್ಲ. ನಾವೂ ಒತ್ತಾಯಿಸಲಿಲ್ಲ.

ಈಗಿನ ಬಾಡಿಗೆ ಕರಾರು ಇನ್ನು ಮೂರು ತಿಂಗಳಿಗೆ ಮುಗಿಯುತ್ತದೆ. ಬಹುಶಃ ಮತ್ತೊಮ್ಮೆ ಗಂಟುಮೂಟೆ ಕಟ್ಟಬೇಕಾದೀತು. ಆದರೆ ಈ ಸಲ ಆಕೆ ಗೊಣಗಲಿಲ್ಲ. ಬಳೆಗಳು ಕೈಯಲ್ಲೇ ಇವೆ. ಓದುಗರಲ್ಲಿ ಯಾರಾದರೂ ಮನೆ ನೋಡಹೊರಟಿದ್ದರೆ ನನ್ನದೊಂದು ವಿನಂತಿ: ಮೊದಲ ದಿನ ಚೆಕ್ಕು ಪುಸ್ತಕ ಮನೆಯಲ್ಲಿರಲಿ, ಟೇಪನ್ನೂ, ಸಾಧ್ಯವಾದರೆ ಹೆಂಡತಿಯನ್ನೂ ಜೊತೆಗೆ ಕರೆದೊಯ್ಯಿರಿ.