ಒಂದು ವಿಮಾನ, ಎರಡು ಮನೆ

ರಾತ್ರಿ ಊಟ ಮುಗಿಯುತ್ತಲೇ ಮಗ ತನ್ನ ಕೋಣೆ ಸೇರಿ ಬಾಗಿಲು ಮುಚ್ಚಿಕೊಳ್ಳುತ್ತಾನೆ. ಕಿವಿಗೆ ಹೆಡ್‌ಫೋನ್. ಒಳಗಿನಿಂದ ತುಂಡು ತುಂಡು ಮಾತು ಕೇಳಿಸುತ್ತದೆ: "ಗೇರ್ ಅಪ್... ಫ್ಲಾಪ್ಸ್ ಒಂದು... ಇನ್ನು ಕಂಟ್ರೋಲ್ ನಿನ್ನದು." ಸ್ವಲ್ಪ ಹೊತ್ತು ಮೌನ. ಹೊರಗೆ ಕುಳಿತ ತಾಯಿಗೆ ಕಳವಳ. ಹುಡುಗ ಈ ಹೊತ್ತಿನಲ್ಲಿ ಯಾರೊಡನೆ ಮಾತಾಡುತ್ತಿದ್ದಾನೆ? ನಾಳೆ ಗಣಿತದ ಪರೀಕ್ಷೆ ಬೇರೆ.

ಹುಡುಗ ವಿಮಾನ ನಡೆಸುತ್ತಿದ್ದಾನೆ. ಎಡಗಡೆಯ ಆಸನ ಅವನದು. ಬಲಗಡೆಯ ಆಸನದಲ್ಲಿರುವವನು ಲಂಡನ್ನಿನ ಚಿಕ್ಕಪ್ಪನ ಮಗ. ವಿಮಾನ ಒಂದೇ, ಅದರ ಎರಡು ಆಸನಗಳ ನಡುವೆ ಸುಮಾರು 8,000 ಕಿಲೋಮೀಟರ್ ದೂರ! ಗಣಕದ ತೆರೆಯ ಮೇಲೆ ವಿಮಾನ ಹಾರಿಸುವ ಹವ್ಯಾಸಿಗಳು ಇದನ್ನು 'ಶೇರ್ಡ್ ಕಾಕ್‌ಪಿಟ್' ಎಂದು ಕರೆಯುತ್ತಾರೆ. ಇಂಥ ಮನೆಗಳು ಈಗ ಜಗತ್ತಿನಾದ್ಯಂತ ಇವೆ. ಆಟವೆಂದು ಬಾಗಿಲು ಬಡಿದು ನಿಲ್ಲಿಸುವ ಮುನ್ನ ಒಳಗೆ ಏನು ನಡೆಯುತ್ತಿದೆ ಎಂದು ತಿಳಿದುಕೊಳ್ಳುವುದು ಒಳ್ಳೆಯದು.

ನೆಲದ ಮೇಲೆ ಕುಳಿತು ಹಾರಾಟ ಕಲಿಯುವ ಯಂತ್ರಕ್ಕೆ ಒಂದು ಸ್ವಾರಸ್ಯದ ಹುಟ್ಟುಕಥೆಯಿದೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್ ಎಂಬಲ್ಲಿ ಎಡ್ವಿನ್ ಲಿಂಕ್ ಎಂಬಾತನ ತಂದೆಗೆ ಪಿಯಾನೊ ಹಾಗೂ ಆರ್ಗನ್ ವಾದ್ಯಗಳ ಕಾರ್ಖಾನೆಯಿತ್ತು. ಲಿಂಕ್‌ಗೆ ಹಾರುವ ಹುಚ್ಚು. ಆದರೆ ಕಲಿಕೆಯ ಖರ್ಚು ವಿಪರೀತ. ಆರ್ಗನ್ನಿಗೆ ಗಾಳಿ ಊದುವ ತಿದಿಗಳನ್ನೇ ಬಳಸಿಕೊಂಡು 1929ರ ಹೊತ್ತಿಗೆ ಆತ ಒಂದು ಪುಟ್ಟ ಮರದ ವಿಮಾನ ಕಟ್ಟಿದ. ಕೋಲು ತಿರುಗಿಸಿದರೆ ಅದು ವಾಲುತ್ತಿತ್ತು, ಮೂಗು ಎತ್ತುತ್ತಿತ್ತು, ಸುತ್ತುತ್ತಿತ್ತು. ಮೊದಮೊದಲು ಅದನ್ನು ಕೊಂಡವರು ಜಾತ್ರೆ, ವಿಹಾರಧಾಮಗಳವರು! 1934ರಲ್ಲಿ ಅಮೆರಿಕದ ಸೇನೆಗೆ ಅಂಚೆ ಸಾಗಿಸುವ ಕೆಲಸ ಬಿತ್ತು. ಮೋಡ ಮಂಜಿನಲ್ಲಿ ಉಪಕರಣಗಳನ್ನಷ್ಟೇ ನಂಬಿ ಹಾರಲು ತಿಳಿಯದ ವೈಮಾನಿಕರು ಒಬ್ಬರ ಹಿಂದೊಬ್ಬರು ಸತ್ತರು. ಆಗ ಸೇನೆ ಎಚ್ಚೆತ್ತು ತಲಾ 3,500 ಡಾಲರ್ ಕೊಟ್ಟು ಲಿಂಕ್‌ನ ಆರು ಯಂತ್ರಗಳನ್ನು ಕೊಂಡಿತು. ಎರಡನೆಯ ಮಹಾಯುದ್ಧದ ಕಾಲಕ್ಕೆ ಲಕ್ಷಾಂತರ ವೈಮಾನಿಕರು ಅದರೊಳಗೆ ಕುಳಿತು ಕಲಿತರು. ಅಲ್ಲಿಯೂ ಕಲಿಯುವವನು ಒಂಟಿಯಾಗಿರಲಿಲ್ಲ. ಪಕ್ಕದ ಮೇಜಿನ ಬಳಿ ಶಿಕ್ಷಕ ಕುಳಿತು, ನಕ್ಷೆಯ ಮೇಲೆ ಅವನ ಹಾದಿಯನ್ನು ನೋಡುತ್ತ ಮಾತಿನಲ್ಲೇ ತಿದ್ದುತ್ತಿದ್ದ.

ಮನೆಯ ಗಣಕಕ್ಕೆ ಈ ಯಂತ್ರ ಬಂದದ್ದು 1970ರ ದಶಕ ಮುಗಿಯುವ ಹೊತ್ತಿಗೆ. ಬ್ರೂಸ್ ಆರ್ಟ್‌ವಿಕ್ ಎಂಬ ಎಂಜಿನಿಯರ್ ಆ್ಯಪಲ್ ಗಣಕಕ್ಕೆಂದು ಬರೆದ ತಂತ್ರಾಂಶದಲ್ಲಿ ನೆಲವೆಂದರೆ ಕೆಲವು ಗೆರೆಗಳಷ್ಟೆ. 1982ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ಅದನ್ನು ತನ್ನ ಹೆಸರಿನಲ್ಲಿ ಹೊರತಂದಿತು. ಅದೇ ಸರಣಿಯ 2006ರ ಆವೃತ್ತಿಯಲ್ಲಿ, ಒಂದೇ ವಿಮಾನದೊಳಗೆ ಇಬ್ಬರು ದೂರದಿಂದ ಕುಳಿತುಕೊಳ್ಳುವ ಅನುಕೂಲ ಒದಗಿತು. 2020ರ ಹೊಸ ಆವೃತ್ತಿ ಆ ಅನುಕೂಲವಿಲ್ಲದೆಯೇ ಬಂದಾಗ ಹವ್ಯಾಸಿಗಳು ಸುಮ್ಮನಿರಲಿಲ್ಲ. ತಾವೇ ಪೂರಕ ತಂತ್ರಾಂಶ ಬರೆದುಕೊಂಡರು.

ಇದು ಕೆಲಸ ಮಾಡುವುದು ಹೇಗೆ? ಒಂದು ಮನೆಯ ಚಿತ್ರ ಇನ್ನೊಂದು ಮನೆಗೆ ಸಿನಿಮಾದಂತೆ ಹರಿದು ಹೋಗುತ್ತದೆ ಎಂದು ಅನೇಕರು ಭಾವಿಸುತ್ತಾರೆ. ಹಾಗೇನೂ ಇಲ್ಲ. ಎರಡೂ ಗಣಕಗಳಲ್ಲಿ ಇಡೀ ವಿಮಾನ, ನೆಲ, ಬೆಟ್ಟ, ರನ್‌ವೇ ಎಲ್ಲವೂ ಮೊದಲೇ ಇರುತ್ತವೆ. ಅಂತರ್ಜಾಲದ ಮೂಲಕ ಹೋಗುವುದು ಅಂಕಿಗಳು ಮಾತ್ರ: ಈ ಕ್ಷಣದ ಎತ್ತರ ಇಷ್ಟು, ವೇಗ ಇಷ್ಟು, ರೆಕ್ಕೆಯ ವಾಲು ಇಷ್ಟು, ಇಂಥ ಗುಂಡಿ ಒತ್ತಲಾಗಿದೆ. ಹೀಗಾಗಿ ಒಮ್ಮೊಮ್ಮೆ ಒಬ್ಬನ ಕಿಟಕಿಯಾಚೆ ದಟ್ಟ ಮೋಡ, ಇನ್ನೊಬ್ಬನ ಕಿಟಕಿಯಾಚೆ ಶುಭ್ರ ಆಕಾಶ ಕಂಡು ಇಬ್ಬರೂ ನಗುವುದುಂಟು.

ಎರಡು ಗಣಕಗಳೂ ಹಾರಾಟದ ಲೆಕ್ಕವನ್ನು ತಮ್ಮ ಪಾಡಿಗೆ ಮಾಡಿದರೆ ಏನಾದೀತು? ಆರಂಭದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ. ಹತ್ತು ನಿಮಿಷದಲ್ಲಿ ಒಂದು ವಿಮಾನ ಮೈಸೂರಿನ ಮೇಲೆ, ಇನ್ನೊಂದು ಮಂಡ್ಯದ ಮೇಲೆ! ಆದ್ದರಿಂದ ಒಂದು ಗಣಕದ ಲೆಕ್ಕವೇ ಪ್ರಮಾಣ, ಇನ್ನೊಂದು ಅದನ್ನು ಅನುಸರಿಸಬೇಕು ಎಂಬ ಕಟ್ಟಳೆ.

ಗುಂಡಿಗಳದು ಇನ್ನೊಂದು ತಂಟೆ. ಮಹಡಿ ಮೆಟ್ಟಿಲಿನ ದೀಪಕ್ಕೆ ಮೇಲೊಂದು, ಕೆಳಗೊಂದು ಸ್ವಿಚ್ ಇರುವುದನ್ನು ವಿದ್ಯಾರ್ಥಿಗಳು ಬಲ್ಲರು. ಕತ್ತಲಾಯಿತೆಂದು ಇಬ್ಬರೂ ಒಟ್ಟಿಗೆ ಒತ್ತಿದರೆ ದೀಪ ಹೊತ್ತಿ ಆರುತ್ತದೆ. 'ಸ್ವಿಚ್ ಬದಲಿಸು' ಎಂಬ ಸಂದೇಶ ಕಳಿಸುವ ತಂತ್ರಾಂಶದಲ್ಲಿಯೂ ಇದೇ ಫಜೀತಿ. ಒಂದು ಸಂದೇಶ ದಾರಿಯಲ್ಲಿ ಕಳೆದುಹೋದರೆ ಒಂದು ಮನೆಯಲ್ಲಿ ಇಂಧನ ಪಂಪು ನಡೆಯುತ್ತಿರುತ್ತದೆ, ಇನ್ನೊಂದರಲ್ಲಿ ನಿಂತಿರುತ್ತದೆ. ಜಾಣ ತಂತ್ರಾಂಶ 'ಬದಲಿಸು' ಎನ್ನುವುದಿಲ್ಲ; 'ಪಂಪು ಚಾಲೂ ಇರಲಿ' ಎಂದು ಸ್ಥಿತಿಯನ್ನೇ ಹೇಳುತ್ತದೆ. ಆಗ ಸಂದೇಶ ಎರಡು ಸಲ ಬಂದರೂ ಕೆಡುವುದಿಲ್ಲ.

ಎಲ್ಲಕ್ಕಿಂತ ಕಷ್ಟದ್ದು ವಿಳಂಬ. ಗಾಜಿನ ತಂತುವಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2,00,000 ಕಿಲೋಮೀಟರ್ ಸಾಗುತ್ತದೆ. 8,000 ಕಿಲೋಮೀಟರ್‌ಗೆ ಕನಿಷ್ಠ 0.04 ಸೆಕೆಂಡು ಬೇಕೇ ಬೇಕು. ಕೇಬಲ್ಲುಗಳ ಸುತ್ತುಬಳಸು ದಾರಿ, ನಡುವಿನ ನಿಲ್ದಾಣಗಳು ಸೇರಿ ಇನ್ನೂ ಹೆಚ್ಚು. ಒಟ್ಟು 0.2 ಸೆಕೆಂಡು ಎಂದಿಟ್ಟುಕೊಳ್ಳಿ. ಕಣ್ಣು ಮಿಟುಕಿಸುವಷ್ಟು ಹೊತ್ತು. ಆದರೆ ಇಳಿಯುವ ಜೆಟ್ ವಿಮಾನದ ವೇಗ ಗಂಟೆಗೆ 260 ಕಿಲೋಮೀಟರ್, ಅಂದರೆ ಸೆಕೆಂಡಿಗೆ 72 ಮೀಟರ್. 0.2 ಸೆಕೆಂಡಿನಲ್ಲಿ ಅದು 14 ಮೀಟರ್ ಮುಂದೆ ಹೋಗಿ, ಮುಕ್ಕಾಲು ಮೀಟರಿನಷ್ಟು ಕೆಳಗಿಳಿದಿರುತ್ತದೆ. ಬೆಂಗಳೂರಿನ ಮನೆಯಲ್ಲಿ ಚಕ್ರ ನೆಲ ತಾಕಿ ಸದ್ದಾದಾಗ ಲಂಡನ್ನಿನ ಮನೆಯಲ್ಲಿ ವಿಮಾನ ಇನ್ನೂ ತೇಲುತ್ತಿದೆ. ಸಂದೇಶಗಳ ನಡುವಿನ ಬಿಡುವಿನಲ್ಲಿ ಚಿತ್ರ ಜಿಗಿಯದಂತೆ, ಹಳೆಯ ವೇಗ ಮತ್ತು ದಿಕ್ಕಿನಿಂದ ಮುಂದಿನ ಸ್ಥಾನವನ್ನು ಅಂದಾಜು ಮಾಡುತ್ತ ಹೋಗಬೇಕು. ಹಿಂದೆ ನಾವಿಕರು ಕರಾವಳಿ ಕಾಣದಾಗ ಮಾಡುತ್ತಿದ್ದ ಲೆಕ್ಕವೇ ಇದು. 1980ರ ದಶಕದಲ್ಲಿ ಅಮೆರಿಕದ ಸೇನೆ ಟ್ಯಾಂಕ್ ತರಬೇತಿಯ ಯಂತ್ರಗಳನ್ನು ಒಂದಕ್ಕೊಂದು ಜೋಡಿಸಿದಾಗ ಈ ಉಪಾಯವನ್ನೇ ಬಳಸಿತು.

ತಡವಾಗಿ ಕಾಣುವ ವಿಮಾನವನ್ನು ನಡೆಸುವುದು ಎಂಥ ಕಷ್ಟವೆಂದು ತಿಳಿಯಲು ಬಚ್ಚಲಿಗೆ ಹೋದರೆ ಸಾಕು. ಗೀಸರ್ ದೂರವಿದ್ದರೆ ಬಿಸಿನೀರಿನ ನಲ್ಲಿ ತಿರುಗಿಸಿದರೂ ತಣ್ಣೀರೇ ಬರುತ್ತದೆ. ಇನ್ನಷ್ಟು ತಿರುಗಿಸುತ್ತೀರಿ. ಆಮೇಲೆ ಒಮ್ಮೆಲೇ ಸುಡುವ ನೀರು. ಗಾಬರಿಯಿಂದ ಹಿಂದಕ್ಕೆ ತಿರುಗಿಸುತ್ತೀರಿ. ವಿಮಾನದ ಮೂಗೂ ಹೀಗೆಯೇ ಮೇಲೆ ಕೆಳಗೆ ತೊಯ್ದಾಡುತ್ತದೆ. ಆದ್ದರಿಂದ ಯಾರ ಕೈಯಲ್ಲಿ ಹಿಡಿಕೆಯಿದೆಯೋ ಅವನ ಗಣಕವೇ ಲೆಕ್ಕ ಮಾಡಬೇಕು. ಹಿಡಿಕೆ ಕೈಬದಲಾದಾಗ ಲೆಕ್ಕದ ಯಜಮಾನಿಕೆಯೂ ಬದಲಾಗಬೇಕು. ಬಾಗಿಲಾಚೆ ಕೇಳಿಸಿದ "ಕಂಟ್ರೋಲ್ ನಿನ್ನದು" ಎಂಬ ಮಾತಿನ ಅರ್ಥ ಇದೇ. ಇನ್ನೊಬ್ಬ "ಕಂಟ್ರೋಲ್ ನನ್ನದು" ಎನ್ನುವ ತನಕ ಮೊದಲಿನವನು ಕೈ ಬಿಡುವಂತಿಲ್ಲ.

ಈ ಮಾತನ್ನು ಹವ್ಯಾಸಿಗಳು ಕಲಿತದ್ದು ನಿಜವಾದ ವೈಮಾನಿಕರಿಂದ. ಬೋಯಿಂಗ್ ವಿಮಾನಗಳಲ್ಲಿ ಎರಡೂ ಚುಕ್ಕಾಣಿಗಳು ಒಂದಕ್ಕೊಂದು ಜೋಡಿಯಾಗಿರುವುದರಿಂದ ಒಬ್ಬ ಎಳೆದರೆ ಇನ್ನೊಬ್ಬನ ಕೈಗೆ ತಿಳಿಯುತ್ತದೆ. ಏರ್‌ಬಸ್ಸಿನ ಪಕ್ಕದ ಕೋಲುಗಳು ಹಾಗಿಲ್ಲ. ಇಬ್ಬರೂ ಒಟ್ಟಿಗೆ ಆಡಿಸಿದರೆ ಗಣಕ ಎರಡನ್ನೂ ಕೂಡಿಸಿಬಿಡುತ್ತದೆ, ಎಚ್ಚರಿಕೆಯ ದನಿ ಮೊಳಗಿಸುತ್ತದೆ. 2009ರ ಜೂನ್ 1ರಂದು ರಿಯೋದಿಂದ ಪ್ಯಾರಿಸ್ಸಿಗೆ ಹೊರಟ ಏರ್ ಫ್ರಾನ್ಸ್ 447 ವಿಮಾನ ಅಟ್ಲಾಂಟಿಕ್ ಸಾಗರಕ್ಕೆ ಬಿದ್ದು 228 ಮಂದಿ ಸತ್ತರು. ಒಬ್ಬ ಪೈಲಟ್ ಕೋಲನ್ನು ಹಿಂದಕ್ಕೆ ಎಳೆಯುತ್ತಲೇ ಇದ್ದುದು ಉಳಿದವರಿಗೆ ಬಹಳ ಹೊತ್ತು ಸ್ಪಷ್ಟವಾಗಲಿಲ್ಲ. ಎರಡು ಮನೆಗಳಲ್ಲಿರುವ ಎರಡು ಜಾಯ್‌ಸ್ಟಿಕ್ಕುಗಳ ಸ್ಥಿತಿಯೂ ಇದೇ. ಒಬ್ಬನ ಕೈಯ ಸುದ್ದಿ ಇನ್ನೊಬ್ಬನ ಕೈಗೆ ಗೊತ್ತಾಗದು. ಬಾಯಿಬಿಟ್ಟು ಹೇಳಬೇಕು.

ನಡೆಸದೆ ಕುಳಿತಿರುವ ಇನ್ನೊಬ್ಬನಿಗೆ ಬಿಡುವೆಂದು ತಿಳಿಯಬೇಡಿ. ರೇಡಿಯೊ ಮಾತು, ತಪಾಸಣಾ ಪಟ್ಟಿ ಓದುವುದು, ವೇಗ ಕೂಗುವುದು ಎಲ್ಲ ಅವನದೇ. ಮೇಲೇರುವಾಗ ಆತ "ವಿ-ಒನ್" ಎಂದು ಕೂಗಿದನೆಂದರೆ, ಇನ್ನು ನಿಲ್ಲಿಸಲು ಹೋದರೆ ಉಳಿದ ರನ್‌ವೇ ಸಾಲದು ಎಂದರ್ಥ. ಆ ಕ್ಷಣ ಕ್ಯಾಪ್ಟನ್ ಎಂಜಿನ್ ಹಿಡಿಕೆಗಳ ಮೇಲಿನ ಕೈಯನ್ನೇ ತೆಗೆದುಬಿಡುತ್ತಾನೆ, ಆಸೆಯೇ ಬೇಡವೆಂದು! ವಿದ್ಯಾರ್ಥಿಗಳು ಪಠ್ಯದಲ್ಲಿ ಓದುವ ವೇಗ, ದೂರ, ವೇಗೋತ್ಕರ್ಷಗಳ ಸಮೀಕರಣ ಈ ಕೂಗಿನ ಹಿಂದಿದೆ.

ಈ ಇನ್ನೊಬ್ಬನ ಮಾತಿಗೆ ಬೆಲೆ ಬಂದದ್ದು ತಡವಾಗಿ. 1978ರ ಡಿಸೆಂಬರ್ 28ರಂದು ಅಮೆರಿಕದ ಪೋರ್ಟ್‌ಲೆಂಡ್ ಬಳಿ ಯುನೈಟೆಡ್ ಸಂಸ್ಥೆಯ ಡಿಸಿ-8 ವಿಮಾನವೊಂದು ಚಕ್ರದ ತೊಂದರೆಯಿಂದಾಗಿ ಸುಮಾರು ಒಂದು ಗಂಟೆ ಗಿರಕಿ ಹೊಡೆಯಿತು. ಇಂಧನ ಮುಗಿಯುತ್ತಿರುವುದು ಸಹೋದ್ಯೋಗಿಗಳಿಗೆ ಗೊತ್ತಿತ್ತು. ಹೇಳಿದರು ಕೂಡ, ಆದರೆ ಮೆಲ್ಲಗೆ. ಇಂಧನ ಬರಿದಾಗಿ ವಿಮಾನ ಬಿತ್ತು. ಹತ್ತು ಮಂದಿ ಸತ್ತರು. ಮರುವರ್ಷ ನಾಸಾ ಸಂಸ್ಥೆ ಈ ಕುರಿತು ಕಾರ್ಯಾಗಾರ ನಡೆಸಿತು. ಕಾಕ್‌ಪಿಟ್ಟಿನಲ್ಲಿ ಕಿರಿಯನು ಗಟ್ಟಿಯಾಗಿ ಹೇಳಬೇಕು, ಹಿರಿಯನು ಕೇಳಬೇಕು ಎಂಬುದನ್ನು 1981ರಿಂದ ಯುನೈಟೆಡ್ ತನ್ನ ವೈಮಾನಿಕರಿಗೆ ಪಾಠವಾಗಿಯೇ ಕಲಿಸತೊಡಗಿತು. 1989ರ ಜುಲೈ 19ರಂದು ಅದೇ ಸಂಸ್ಥೆಯ ಡಿಸಿ-10 ವಿಮಾನದ ಹೈಡ್ರಾಲಿಕ್ ವ್ಯವಸ್ಥೆ ಪೂರ್ತಿ ನಾಶವಾಯಿತು. ಚುಕ್ಕಾಣಿ ಕೆಲಸಕ್ಕೆ ಬಾರದಾಯಿತು. ಪ್ರಯಾಣಿಕನಾಗಿ ಬಂದಿದ್ದ ತರಬೇತುದಾರನೊಬ್ಬ ಆಸನಗಳ ನಡುವೆ ಮಂಡಿಯೂರಿ ಎಂಜಿನ್ನುಗಳ ಬಲವನ್ನು ಹೆಚ್ಚು ಕಡಿಮೆ ಮಾಡುತ್ತ ವಿಮಾನವನ್ನು ಸೂ ಸಿಟಿ ನಿಲ್ದಾಣದವರೆಗೆ ತರಲು ನೆರವಾದ. 296 ಜನರಲ್ಲಿ 184 ಮಂದಿ ಉಳಿದರು. ಮುಂದೆ ಇದೇ ಸ್ಥಿತಿಯನ್ನು ಸಿಮ್ಯುಲೇಟರಿನಲ್ಲಿ ಒಡ್ಡಿದಾಗ ನುರಿತವರಿಗೂ ಸರಿಯಾಗಿ ಇಳಿಸಲಾಗಲಿಲ್ಲ.

ಕನ್ನಡ ನಾಡಿನವರಿಗೆ ಇದು ದೂರದ ಸಂಗತಿಯೇನಲ್ಲ. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜ್ಪೆಯಲ್ಲಿ, ಗುಡ್ಡದ ನೆತ್ತಿಯ ರನ್‌ವೇ ದಾಟಿ ಕಮರಿಗೆ ಬಿತ್ತು. ವಿಮಾನದಲ್ಲಿದ್ದ 166 ಮಂದಿಯಲ್ಲಿ 158 ಮಂದಿ ಸತ್ತರು, ಎಂಟು ಮಂದಿ ಬದುಕಿದರು. ವಿಮಾನ ಬೇಕಾದ್ದಕ್ಕಿಂತ ಎತ್ತರದಲ್ಲಿತ್ತು. ರನ್‌ವೇಯ ಅರ್ಧಕ್ಕೂ ಹೆಚ್ಚು ಭಾಗ ಕಳೆದ ಮೇಲೆ ನೆಲ ಮುಟ್ಟಿತು. ಇಳಿಯುವುದು ಬೇಡ, ಮತ್ತೆ ಮೇಲೇರೋಣ ಎಂದು ಸಹಪೈಲಟ್ ಮೂರು ಬಾರಿ ಹೇಳಿದ್ದರೆಂದೂ ಕ್ಯಾಪ್ಟನ್ ಇಳಿಸುವುದನ್ನೇ ಮುಂದುವರಿಸಿದರೆಂದೂ ತನಿಖಾ ವರದಿ ದಾಖಲಿಸಿದೆ.

ಹಾಗಾದರೆ ಕೋಣೆಯೊಳಗಿನ ಹುಡುಗ ಪೈಲಟ್ ಆಗುತ್ತಾನೆಯೆ? ಪೋಷಕರು ಅಷ್ಟು ಅವಸರಪಡಬಾರದು. ನಮ್ಮ ದೇಶದಲ್ಲಿ ವಾಣಿಜ್ಯ ಪೈಲಟ್ ಪರವಾನಗಿಗೆ 200 ಗಂಟೆಗಳ ಹಾರಾಟ ಬೇಕು. ಮನೆಯ ಮೇಜಿನ ಮೇಲಿನ ಗಂಟೆಗಳಿಗೆ ಅದರಲ್ಲಿ ಲೆಕ್ಕವಿಲ್ಲ. ಒಳಗಿವಿಯ ದ್ರವ ಅಲುಗಾಡಿದಾಗಿನ ಗೊಂದಲ, ಬೆನ್ನಿಗೆ ಒತ್ತುವ ಆಸನ, ಹೆದರಿಕೆಯ ಬೆವರು ಇವು ಯಾವುವೂ ತೆರೆಯಿಂದ ಬರವು. ಒಂಟಿಯಾಗಿ ಆಡುವವರು ಕಲಿಯುವ ದುರಭ್ಯಾಸಗಳೂ ಉಂಟು. ಕಿಟಕಿಯಾಚೆ ನೋಡದೆ ಮುಳ್ಳುಗಳನ್ನೇ ದಿಟ್ಟಿಸುವುದು ಅದರಲ್ಲೊಂದು. ನಿದ್ದೆ, ಕಣ್ಣು, ಪರೀಕ್ಷೆಗಳ ಮಾತು ಮನೆಯವರಿಗೆ ಬಿಟ್ಟದ್ದು. ಗಂಟೆ ಗೊತ್ತುಮಾಡಿ, ಆ ಹೊತ್ತಿಗೆ ಇಳಿದಿರಬೇಕೆಂದರೆ ಹುಡುಗರು ಒಪ್ಪುತ್ತಾರೆ. ವೇಳಾಪಟ್ಟಿ ಅವರಿಗೂ ಇಷ್ಟವೇ.

ಒಮ್ಮೆ ಬಾಗಿಲು ತೆರೆದು ಹಿಂದೆ ನಿಂತು ನೋಡಬಹುದು. ವಿಮಾನ ಇಳಿಯುತ್ತಿದೆ, ವೇಗ ಹೆಚ್ಚಾಗಿದೆ, ರನ್‌ವೇ ಓರೆಯಾಗಿ ಕಾಣುತ್ತಿದೆ. ನಡೆಸುತ್ತಿರುವ ಹುಡುಗ ಹೇಗೋ ಸರಿಪಡಿಸಿಬಿಡುತ್ತೇನೆಂದು ಹಲ್ಲು ಕಚ್ಚಿ ಕುಳಿತಿದ್ದಾನೆ. ಅವನಿಗಿಂತ ಎರಡು ವರ್ಷ ಚಿಕ್ಕವನ ದನಿ ಲಂಡನ್ನಿನಿಂದ ಬರುತ್ತದೆ: "ಗೋ ಅರೌಂಡ್." ಇಬ್ಬರಲ್ಲಿ ಯಾರೇ ಹೇಳಿದರೂ ಮೇಲೇರಲೇಬೇಕು, ವಾದವೇನಿದ್ದರೂ ಆಮೇಲೆ ಎಂದು ಅವರು ಮೊದಲೇ ಒಪ್ಪಿಕೊಂಡಿದ್ದಾರೆ. ಹುಡುಗ ಮುಖ ಸಿಂಡರಿಸುತ್ತಾನೆ. ಕೈ ಮಾತ್ರ ಎಂಜಿನ್ ಹಿಡಿಕೆಯನ್ನು ಮುಂದಕ್ಕೆ ತಳ್ಳಿಯಾಗಿದೆ.